ಪ್ರಯೋಗ ಸಮೇತ ಅರ್ಥ

"ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳುವವನು ನಾನೇ. ಬೀಗರು ಬೇಕಾದರೆ ಸಕ್ಕರೆ ಹಂಚಲಿ!" ಎಂದು ಶೇಷಾದ್ರಿಯವರು ಮಣಿನಗರದ ಮನೆಯಲ್ಲಿ ವಾರವಿಡೀ ಡಂಗುರ ಹೊಡೆದಿದ್ದರು. ಹೊಡೆಯದೆ ಏನು? ನಾಲ್ಕನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದು, ಅಹಮದಾಬಾದಿನ ಗಿರಣಿಯ ಉಗ್ರಾಣ ಕಾಯುತ್ತಲೇ ನಿಘಂಟುಗಳನ್ನು ಅರೆದು ಕುಡಿದ ಜೀವ ಅದು.

ಮಗಳು ಊರ್ಮಿಳಾ ಇದ್ದದ್ದು ಸೂರತ್ತಿನಾಚೆಯ ಸಚಿನ್ ಎಂಬ ಊರಿನಲ್ಲಿ. "ಹನ್ನೊಂದೂವರೆಗೆ ಮುಹೂರ್ತ ಮುಗಿಯತ್ತೆ ಅಪ್ಪಾ. ನೀವೇ ಹೇಳಬೇಕು" ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು.

ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲ. ನಾಮಕರಣದ ದಿನ ಬೆಳಗಿನ ಜಾವವೇ ಶೇಷಾದ್ರಿ ಹೆಂಡತಿ ಸುಭದ್ರಾ ಜೊತೆ ಮಣಿನಗರ ಸ್ಟೇಷನ್ನಿಗೆ ಬಂದರು. ಗೆಳೆಯನನ್ನು ಕರೆದೊಯ್ಯಲು ಬಂದಿದ್ದ ಆಕಾಶ್ ಎಂಬ ಕನ್ನಡದ ಹುಡುಗ ಬೆಂಚಿನ ಮೇಲೆ ಪರೀಕ್ಷೆಗೆ ಓದುತ್ತಿದ್ದ. ಪರಿಚಯವಾಯಿತು. ಅವನು ಸುಮ್ಮನಿರಬಾರದೆ?

"ಸರ್, ಪೆಡಂಟ್ ಅಂದ್ರೆ ಏನು?"

ಸುಭದ್ರಾ ಹಣೆ ಚಚ್ಚಿಕೊಂಡರು. "ಕೆಟ್ಟೆಯಲ್ಲೋ ಮಗನೆ."

"ಪಂಡಿತಂಮನ್ಯ!" ಎಂದರು ಶೇಷಾದ್ರಿ. "ಕಲಿತದ್ದು ಗೇಣು, ಮೆರೆಸೋದು ಮಾರು. ಅಂಥವನು."

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ ವಿದ್ವಾಂಸ ಬೇರೆ, ಪೆಡಂಟ್ ಬೇರೆ ಎಂದು ತಿಳಿಸಬೇಡವೆ? ಬಾಯಾರಿದವನಿಗೆ ನೀರು ಕೊಡದೆ ಮಣ್ಣಿನ ಲೋಟ ಒಳ್ಳೆಯದೋ ತಾಮ್ರದ್ದೋ ಎಂದು ವಾದಿಸುವವನ ದೃಷ್ಟಾಂತ ಶುರುವಾಯಿತು. ಅಷ್ಟರಲ್ಲಿ ರೈಲು ಬಂತು. ಸುಭದ್ರಾ ಚೀಲಗಳೊಂದಿಗೆ ಹತ್ತಿದರು.

"ಏನ್ರೀ, ಬನ್ರೀ!"

"ಅರ್ಥ ಹೇಳಿದ್ದಾಯ್ತು ಕಣೇ. ಪ್ರಯೋಗ ಒಂದು ಹೇಳಿ ಬಂದೆ."

"ಸರ್, ರೈಲು..." ಎಂದ ಆಕಾಶ್.

"ಹಿರಿಯರು ಹೇಳುವಾಗ ಅಡ್ಡಬಾಯಿ ಹಾಕಬಾರದು."

ಹುಡುಗ ಬಾಯಿ ಮುಚ್ಚಿಕೊಂಡ. ರೈಲು ಮುಚ್ಚಿಕೊಳ್ಳಲಿಲ್ಲ, ಕೂಗಿ ಹೊರಟಿತು. ಕಿಟಕಿಯಲ್ಲಿ ಸುಭದ್ರಾ ಕೈ ಬಡಿದುಕೊಳ್ಳುತ್ತಿದ್ದರು. ಇಬ್ಬರ ಟಿಕೆಟ್ಟೂ ಶೇಷಾದ್ರಿಯವರ ಜೇಬಿನಲ್ಲಿತ್ತು.

ಆಕಾಶ್ ಮೆಲ್ಲಗೆ ಪುಸ್ತಕ ಮುಚ್ಚಿದ. "ಪ್ರಯೋಗವೂ ಅರ್ಥ ಆಯ್ತು ಸರ್."

ಅಟ್ಟ ಮೇಲೆ ಒಲೆ ಉರಿಯಿತು. ಮುಂದಿನ ರೈಲಿನಲ್ಲಿ, ವಡೋದರಾ ದಾಟಿದರೂ ಕೂರಲು ಜಾಗ ಸಿಗದೆ, ಶೇಷಾದ್ರಿ ಬಾಗಿಲಿನ ಬಳಿ ತೂಗಾಡುತ್ತ ನಿಂತಿದ್ದರು. ಯಾರೋ ಗುಜರಾತಿಯಲ್ಲಿ ಎಲ್ಲಿಗೆಂದು ಕೇಳಿದರೆ, ಜೀವಮಾನದಲ್ಲೇ ಮೊದಲ ಸಲ, ಬರೀ "ಸೂರತ್" ಎಂದು ಸುಮ್ಮನಾದರು.

ಮನೆ ಸೇರುವಾಗ ಊಟದ ಎಲೆ ಎತ್ತುತ್ತಿದ್ದರು. ಬೀಗರಾದ ಹಯವದನರು ಎದುರು ಬಂದು, "ಗಳಿಗೆ ಮೀರ್ತಿತ್ತು, ನಾನೇ ಹೇಳಿಬಿಟ್ಟೆ. ತಪ್ಪು ತಿಳೀಬೇಡಿ" ಎಂದರು. ಸುಭದ್ರಾ ಗುರುಗುಟ್ಟಿದರು: "ನಾನು ಟೀಸಿ ಮುಂದೆ ಕಳ್ಳಿ ಹಾಗೆ ನಿಂತೆ. ಅದಿರಲಿ, ಮಗಳ ಮುಖ ನೋಡಿ."

ಊರ್ಮಿಳಾ ಸಿಟ್ಟಾಗಲಿಲ್ಲ. ಆಗಿದ್ದರೇ ವಾಸಿಯಿತ್ತು.

"ಕೊನೇ ಗಳಿಗೇವರೆಗೂ ಬಾಗಿಲು ನೋಡ್ತಾ ನಿಂತಿದ್ದೆ ಅಪ್ಪಾ."

ಶೇಷಾದ್ರಿ ತೊಟ್ಟಿಲಿನ ಮೇಲೆ ಬಾಗಿದರು. ಮಗು ಸಿಂಚನಾ ಕಣ್ಣು ಪಿಳಿಪಿಳಿ ಬಿಟ್ಟಳು. ಆ ಪುಟ್ಟ ಕಿವಿಯ ಹತ್ತಿರ ಬಾಯಿಟ್ಟು, "ತಪ್ಪಾಯ್ತು ಕಂದಾ" ಎಂದರು.

ಸುಭದ್ರಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಎರಡೇ ಮಾತಲ್ಲಿ ಮುಗಿಸೋಕೆ ನಿಮಗೂ ಬರತ್ತೆ ಅನ್ನಿ. ಇದೇ ಬುದ್ಧಿ ಬೆಳಿಗ್ಗೆ ಬಂದಿದ್ರೆ ರೈಲಾದ್ರೂ ಸಿಗ್ತಿತ್ತು."