ಅತ್ತಿಗೆಯ ವೀಸಾ

ಮಲಪನಗುಡಿಯ ನಮ್ಮ ಮಹಡಿ ಕೋಣೆಯನ್ನು ಹಂಪಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಮೊದಲೆಲ್ಲ ಎರಡು ದಿನ ಇದ್ದು ಗುಡಿ ನೋಡಿ ಹೋಗುತ್ತಿದ್ದರು. ವೈಫೈ ಹಾಕಿಸಿದ ಮೇಲೆ ಲ್ಯಾಪ್‌ಟಾಪ್ ತೆರೆದು ತಿಂಗಳುಗಟ್ಟಲೆ ಕೂರುತ್ತಾರೆ. ಅಂದಿನಿಂದ ನಮ್ಮ ಮನೆಯಲ್ಲಿ ನಗುವಿಗೆ ಬರವಿಲ್ಲ.

೧. ಹಿಮದೊಳಗಿನ ಮಿರ್ಚಿ

ಒಬ್ಬ ಹೊರದೇಶದ ಹೆಣ್ಣುಮಗಳು ಬಂದಿದ್ದಳು. ತಾನು ಇಲ್ಲಿರುವುದನ್ನು ಆಫೀಸಿಗೆ ತಿಳಿಸಿರಲಿಲ್ಲ. ವಿಡಿಯೊ ಮೀಟಿಂಗಿನಲ್ಲಿ ಬೆನ್ನ ಹಿಂದೆ ತನ್ನೂರಿನ ಹಿಮ ಬಿದ್ದ ಅಂಗಳದ ಚಿತ್ರ ಹಾಕಿಕೊಳ್ಳುತ್ತಿದ್ದಳು. ಒಂದು ಸಂಜೆ ಮೀಟಿಂಗ್ ನಡೆದಿರುವಾಗಲೇ ನಮ್ಮ ಅತ್ತಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಟ್ಟೆ ಹಿಡಿದು ಒಳಹೋದರು. ಹಿಮದೊಳಗಿಂದ ಒಂದು ಕೈ ಬಂದು ಮಿರ್ಚಿ ನೀಡಿದ್ದನ್ನು ಅವಳ ಸಾಹೇಬರು ನೋಡಿಯೇಬಿಟ್ಟರು. ಪಾಪ, ಅವಳು ನಿಜ ಒಪ್ಪಿಕೊಂಡಳು. ಸಾಹೇಬರು ಕೇಳಿದ್ದು ಇಷ್ಟೇ, ಆ ಮಿರ್ಚಿಯೊಳಗೆ ಏನು ಹಾಕಿರುತ್ತಾರೆ ಅಂತ.

೨. ಯಾವ ಕಂಪನಿ?

ಮಂಚದ ಮೇಲೆ ಕೂತೇ ಅವಳು ಸಂಬಳ ಪಡೆಯುತ್ತಾಳೆ ಎಂದು ನಾನು ವಿವರಿಸಿದಾಗ ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಣ್ಣನ ಕಡೆ ತಿರುಗಿದರು.

"ಮನ್ಯಾಗ ಇದ್ದು ಕೆಲಸ ಮಾಡಿದ್ರ ಪಗಾರ ಕೊಡ್ತಾರಂತ್ರಿ. ಮದುವಿ ಆದಾಗಿಂದ ನಾನೂ ಮಾಡಾಕತ್ತೀನಿ. ನಂದು ಯಾವ ಕಂಪನಿ?"

ಅಣ್ಣ ಅವತ್ತು ಉಂಡ ತಟ್ಟೆ ತಾನೇ ತೊಳೆದಿಟ್ಟ.

೩. ಎಮ್ಮೆಯ ಜಾಮೀನು

ಊರಿಗೆ ಮರಳಿದ ಅವಳು ಕೆಲವು ತಿಂಗಳ ಮೇಲೆ ಫೋನ್ ಮಾಡಿ ತಾನು ಬಸಿರಿ ಎಂದಳು. ತಾಯಿ ಇಲ್ಲದವಳು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಅವಳ ಕುಬಸ ತಾವೇ ಮಾಡಬೇಕೆಂದು ಅತ್ತಿಗೆ ಹಟ ಹಿಡಿದರು. ವಿಮಾನದ ಟಿಕೆಟ್ ನಾನು ತೆಗೆಸುತ್ತೇನೆ, ಬನ್ನಿ ಎಂದಳು ಅವಳು.

ಇಲ್ಲಿಗೆ ಬರಲು ಅವಳು ಮನೆಯಲ್ಲಿ ಕಾಫಿ ಕುಡಿಯುತ್ತಾ ಫೋನಿನಲ್ಲೇ ವೀಸಾ ಪಡೆದಿದ್ದಳು. ಅತ್ತಿಗೆಯದು ಹಾಗಲ್ಲ. ಹೊಸಪೇಟೆಯಲ್ಲಿ ರೈಲು ಹತ್ತಿ, ದೊಡ್ಡ ಊರಿನ ಕಚೇರಿಯಲ್ಲಿ ಸಾಲು ನಿಂತು, ಬೆರಳಚ್ಚು ಕೊಟ್ಟು, ಅಧಿಕಾರಿಯ ಎದುರು ನಿಲ್ಲಬೇಕಾಯಿತು. ಹೋದವರು ತಿರುಗಿ ಬರುತ್ತೀರೆಂಬುದಕ್ಕೆ ಏನು ಆಧಾರ ಎಂದು ಆ ಅಧಿಕಾರಿ ಕೇಳಿದರಂತೆ. "ಎಮ್ಮಿ ಐತ್ರಿ. ನನ್ನ ಕೈ ಬಿಟ್ರ ಯಾರಿಗೂ ಹಾಲು ಕೊಡಂಗಿಲ್ಲ" ಎಂದರಂತೆ ಅತ್ತಿಗೆ.

ವೀಸಾ ಸಿಗಲಿಲ್ಲ. ಎಮ್ಮೆಯ ಫೋಟೊ ಒಯ್ಯಬೇಕಿತ್ತು ಎಂದು ವಾಪಸು ಬರುವ ದಾರಿಯುದ್ದಕ್ಕೂ, ಜೊತೆಗಿದ್ದ ನನ್ನ ಮುಂದೆ ಪೇಚಾಡಿದರು.

೪. ಹೊರಡುವ ತಾರೀಖು

ಬಸಿರಿನ ಐದನೆಯ ತಿಂಗಳಿಗೆ ಅವಳೇ ಗಂಡನನ್ನು ಕರೆದುಕೊಂಡು ಬಂದಿಳಿದಳು. ಅತ್ತಿಗೆ ಬಾಗಿಲಲ್ಲೇ ಅತ್ತುಬಿಟ್ಟರು.

ಪರದೇಶದವರು ತಂಗಿದರೆ ನಾನು ಪೊಲೀಸರಿಗೆ ಆನ್‌ಲೈನಿನಲ್ಲಿ ವಿವರ ಕಳಿಸಬೇಕು. ಮರುದಿನ ನಡುಮನೆಯಲ್ಲಿ ಅವಳನ್ನು ಕೂರಿಸಿಕೊಂಡು ಅತ್ತಿಗೆ ಬಳೆ ತೊಡಿಸುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಹೆಸರು, ಪಾಸ್‌ಪೋರ್ಟ್ ನಂಬರು ತುಂಬಿಸಿ, ತಿರುಗಿ ಹೋಗುವುದು ಯಾವಾಗ ಎಂದು ಕೇಳಿದೆ. ಅತ್ತಿಗೆಯ ಕೈ ನಿಂತಿತು.

"ವೀಸಾದವ್ರು ನನ್ನ ಕೇಳಿದಂಗ ನೀ ಇಕಿನ್ನ ಕೇಳಬ್ಯಾಡ ತಮ್ಮಾ," ಎಂದರು. "ಬಾಣಂತನ ಮುಗದ ಮ್ಯಾಲ ಅಂತ ಬರಿ."