ಒತ್ತಡವಿಲ್ಲದ ಬಗ್ಗೆ ದೃಢೀಕರಣ

ಮಾನಸಿಕ ಒತ್ತಡದಲ್ಲಿರುವ ವ್ಯಕ್ತಿ ಹಾಕಿದ ಸಹಿ ಊರ್ಜಿತವಲ್ಲ. ಛತ್ರಪತಿ ಸಂಭಾಜಿನಗರದ ಆರೋಗ್ಯ ನಿರ್ವಹಣಾ ಸಂಸ್ಥೆಯೊಂದರ ನೈತಿಕ ಸಮಿತಿ ಈ ಸತ್ಯವನ್ನು ಜೂನ್ ತಿಂಗಳ ಸಭೆಯಲ್ಲಿ, ಊಟವಾದ ಬಳಿಕ, ಸರ್ವಾನುಮತದಿಂದ ಕಂಡುಕೊಂಡಿತು.

ಇದು ಮೊದಲು ಅನ್ವಯವಾದದ್ದು ನಾಸಿಕದ ಪೂಜಿತಾಳಿಗೆ. ಆಸ್ಪತ್ರೆಯ ದಾದಿಯರ ಮಾನಸಿಕ ಒತ್ತಡದ ಕುರಿತು ಅವಳು ಆರು ವರ್ಷಗಳಿಂದ ಆ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನೋಂದಣಿ ಮುಗಿಯಲು ಐದು ತಿಂಗಳಿತ್ತು. ಅಷ್ಟರಲ್ಲಿ ಪ್ರಬಂಧ ಸಲ್ಲಿಸದಿದ್ದರೆ ಆರು ವರ್ಷ ನೀರಿನಲ್ಲಿ ಹೋಮ. ಅವಳ ಊರಿನದೇ ಸಾತಪುರ ಬಡಾವಣೆಯ ಖಾಸಗಿ ಆಸ್ಪತ್ರೆಯೊಂದರ ನೂರ ನಲವತ್ತು ದಾದಿಯರಿಗೆ ಪ್ರಶ್ನೆ ಕೇಳುವುದು, ಕೇಳುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು, ಇಷ್ಟೇ ಉಳಿದ ಕೆಲಸ. ಆಗ ಹೊಸ ನಿಯಮ ಬಂತು:

"ಉತ್ತರ ನೀಡುವವರು ತಮಗೆ ಒತ್ತಡವಿಲ್ಲವೆಂಬ ದೃಢೀಕರಣವನ್ನು ಮುಂಚಿತವಾಗಿ ಹಾಜರುಪಡಿಸತಕ್ಕದ್ದು. ಒತ್ತಡವುಳ್ಳವರನ್ನು ಒತ್ತಡದ ಬಗ್ಗೆ ವಿಚಾರಿಸಿ ಅವರ ಒತ್ತಡ ಹೆಚ್ಚಿಸತಕ್ಕದ್ದಲ್ಲ."

ಮಾರ್ಗದರ್ಶಕರಾದ ಡಾ. ರವಿಕಾಂತ, ನಿಯಮದಲ್ಲಿ ಅಂತಃಕರಣವಿದೆ ಎಂದರು. ಅಂತಃಕರಣವಿರುವ ನಿಯಮವನ್ನು ಪ್ರಶ್ನಿಸಿದವರ ಕಡತ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತಿಳಿಸಿದರು. ಪೂಜಿತಾ ಬಸ್ಸು ಹಿಡಿದು ಮನೆಗೆ ಬಂದಳು.

ಅವಳ ತಂದೆ ಸುಧಾಕರ, ಉಡುಪಿ ಕಡೆಯಿಂದ ಬಂದು ಮೂವತ್ತು ವರ್ಷಗಳಿಂದ ಸಸ್ಯಾಹಾರಿ ಹೋಟೆಲು ನಡೆಸುವವರು. ನಿಯಮವನ್ನು ಎರಡು ಸಲ ಓದಿಸಿ ಕೇಳಿದರು.

"ಹಸಿವು ಹೇಗಿರ್ತದೆ ಅಂತ ಊಟ ಆದವರ ಹತ್ರ ಕೇಳುದಾ ಮಾರಾಯ್ತಿ?"

"ಹಾಗೆ ಕೇಳಿದ್ರೇ ಮಂಜೂರಿ, ಪಪ್ಪಾ."

ದಾದಿಯರ ಮನಸ್ಸನ್ನು ಅವರಿಂದ ಕೆಲಸ ಮಾಡಿಸುವವರೇ ಚೆನ್ನಾಗಿ ಬಲ್ಲರಾದ್ದರಿಂದ, ದೃಢೀಕರಣ ನೀಡುವ ಹೊಣೆಯನ್ನು ಆಸ್ಪತ್ರೆಯ ಆಡಳಿತಾಧಿಕಾರಿ ಶಾಂತಕುಮಾರರೇ ವಹಿಸಿಕೊಂಡರು. ಪಾಳಿ ಮುಗಿಸಿದ ದಾದಿಯರು ಮನೆಗೆ ಹೋಗುವ ಮೊದಲು ಶಾಂತಕುಮಾರರ ಕೋಣೆಯ ಮುಂದೆ ಒಂದೆರಡು ತಾಸು ಸಾಲಿನಲ್ಲಿ ನಿಲ್ಲುತ್ತಿದ್ದರು. ಒಳಗೆ ಬಂದವರಿಗೆ ನಗಲು ಹೇಳಲಾಗುತ್ತಿತ್ತು. ನಕ್ಕವರಿಗೆ ಒತ್ತಡವಿಲ್ಲ. ನಗು ಬಾರದವರು ಸಾಲಿನ ಕೊನೆಗೆ ಹೋಗಿ ಅಭ್ಯಾಸ ಮಾಡಿಕೊಂಡು ಬರಬೇಕು. ಮೂರು ವಾರದಲ್ಲಿ ನೂರ ಮೂವತ್ತೊಂಬತ್ತು ಜನ ತೇರ್ಗಡೆಯಾದರು.

ಉಳಿದವಳು ಮಹಾಲಕ್ಷ್ಮಿ. ಕಲಬುರಗಿ ಕಡೆಯ ಮನೆತನ. ಇದೇ ಆಸ್ಪತ್ರೆಯ ಕಟ್ಟಡ ಏಳುವಾಗ ಅವಳ ತಾಯಿ ಚನಬಸವ್ವ ಇಟ್ಟಿಗೆ ಹೊತ್ತಿದ್ದಳು.

"ನಂಗ ಒತ್ತಡ ಐತ್ರಿ ಸರ್. ಹನ್ನೊಂದು ದಿನಾ ಆತು, ಡಬಲ್ ಡ್ಯೂಟಿ. ಇಲ್ಲಂತ ಹ್ಯಾಂಗ ಸಹಿ ಮಾಡ್ಲಿ?"

ಶಾಂತಕುಮಾರರು ಬೇಸರಪಟ್ಟುಕೊಳ್ಳದೆ 'ಅನರ್ಹ' ಎಂದು ಬರೆದರು. ಅವಳು ನೇರವಾಗಿ ಪೂಜಿತಾಳ ಬಳಿ ಬಂದಳು.

"ಅಕ್ಕಾರ, ಅವರೆಲ್ಲಾ ಮನೀಗೆ ಹೋಗೋ ಅವಸರಕ್ಕ ನಕ್ಕಾರ. ನಂದೊಂದರೆ ಖರೇ ಬರಕೋರಿ."

ಪೂಜಿತಾ ಪೆನ್ನು ತೆಗೆದಳು. ನೋಂದಣಿ ಮುಗಿಯಲು ಉಳಿದದ್ದು ನಾಲ್ಕೇ ತಿಂಗಳು ಎಂಬುದು ನೆನಪಾಯಿತು. ಪೆನ್ನಿಗೆ ಮುಚ್ಚಳ ಹಾಕಿ, ಮಹಾಲಕ್ಷ್ಮಿಯ ಒತ್ತಡ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲವೆಂದು ಆದಷ್ಟು ಮೃದುವಾಗಿ ವಿವರಿಸಿದಳು.

ಪ್ರಬಂಧ ಅವಧಿಯೊಳಗೆ ಮುಗಿಯಿತು. ದಾದಿಯರಲ್ಲಿ ಮಾನಸಿಕ ಒತ್ತಡ: ಶೇಕಡಾ ಸೊನ್ನೆ. ಮೌಖಿಕ ಪರೀಕ್ಷೆಗೆ ಬಂದ ಹಿರಿಯ ಪರೀಕ್ಷಕರು ತಮ್ಮ ಸೇವಾವಧಿಯಲ್ಲಿ ಇಷ್ಟು ಸ್ಪಷ್ಟವಾದ ಫಲಿತಾಂಶ ನೋಡಿಲ್ಲವೆಂದು ಗದ್ಗದಿತರಾದರು. ಬಿಟ್ಟುಹೋದ ಆ ಒಬ್ಬರು ಯಾರೆಂದು ಕೇಳಿದರು. ವ್ಯಾಪ್ತಿಯ ಹೊರಗಿನವರು ಎಂದಳು ಪೂಜಿತಾ. ಸಂತೋಷ ಎಂದರು.

ಆಸ್ಪತ್ರೆಯೂ ಸಂಶೋಧನೆಯನ್ನು ಕಪಾಟಿನಲ್ಲಿಡದೆ ಜಾರಿಗೆ ತಂದಿತು. ಒತ್ತಡವೇ ಇಲ್ಲವೆಂದು ವಿಜ್ಞಾನ ಹೇಳಿದ ಮೇಲೆ, ಆಗಾಗ ಕೆಲವರಿಗೆ ಬೀಳುತ್ತಿದ್ದ ಎರಡು ಪಾಳಿ ಎಲ್ಲರಿಗೂ ಕಾಯಂ ಆಯಿತು. ಡಾ. ಪೂಜಿತಾ ಅಲ್ಲಿಯೇ ಮಾನಸಿಕ ಸ್ವಾಸ್ಥ್ಯ ಅಧಿಕಾರಿಯಾಗಿ ನೇಮಕಗೊಂಡಳು. ಆರು ತಿಂಗಳಿಗೊಮ್ಮೆ ದೃಢೀಕರಣ ನವೀಕರಿಸುವುದು ಅವಳ ಕೆಲಸ. ಜೊತೆಗೆ ರಜೆಯ ನಿಯಮವೂ ತಿದ್ದುಪಡಿಯಾಯಿತು: "ಒತ್ತಡದಲ್ಲಿರುವವರು ರಜೆಯಲ್ಲೂ ವಿಶ್ರಾಂತಿ ಪಡೆಯಲಾರರಾದ್ದರಿಂದ, ಅವರಿಗೆ ರಜೆ ನೀಡಿ ವ್ಯರ್ಥ ಮಾಡತಕ್ಕದ್ದಲ್ಲ."

ಮೊನ್ನೆ ಮಹಾಲಕ್ಷ್ಮಿ ಬಂದಳು. ಚನಬಸವ್ವನ ಕಣ್ಣಿನ ಆಪರೇಷನ್ನಿಗೆ ಎರಡು ದಿನದ ರಜೆ ಬೇಕಿತ್ತು. ಕೂರಲು ಹೇಳುವ ಮೊದಲೇ ನಕ್ಕಳು. ಅಭ್ಯಾಸ ಮಾಡಿಕೊಂಡೇ ಬಂದಂತಿತ್ತು.

ಪೂಜಿತಾ ರಜೆಯ ನಮೂನೆ ತೆಗೆದು ಒಂದೊಂದಾಗಿ ಕೇಳಿದಳು.

"ಒತ್ತಡ?"

"ಇಲ್ರೀ ಮೇಡಮ್ಮಾರ."

"ನಿದ್ದೆ?"

"ಅದೂ ಇಲ್ರೀ."

ಪೂಜಿತಾ ಎರಡೂ ಕಡೆ 'ಇಲ್ಲ' ಎಂದು ತುಂಬಿ, ಸಹಿ ಮಾಡಿ, ಮೊಹರು ಒತ್ತಿದಳು. ಮಹಾಲಕ್ಷ್ಮಿ ಇನ್ನೊಮ್ಮೆ ನಕ್ಕು, ಎರಡನೆಯ ಪಾಳಿಗೆ ಹೊತ್ತಾಯಿತೆಂದು ಎದ್ದಳು.