ಸೊಟ್ಟ ನ್ಯೂಕ್ಲಿಯಸ್ಸೂ ನನ್ನ ಬುಧವಾರಗಳೂ

ಮಾತಿಗೆ ಜನವಿಲ್ಲದವರು ಮಾಡುವ ಕಿತಾಪತಿ ಒಂದೆರಡಲ್ಲ. ಲಿಂಗರಾಜಪುರದ ಒಂದು ಕೋಣೆಯಲ್ಲಿ ಒಬ್ಬಳೇ ಬಾಡಿಗೆಗಿರುವ ನಾನು, ದಿನಾ ಹತ್ತುವ ಬಸ್ಸಿನ ಕಂಡಕ್ಟರನ್ನು ಇದು ಇಂದಿರಾನಗರಕ್ಕೆ ಹೋಗುತ್ತಾ ಎಂದು ದಿನಾ ಕೇಳುವವಳು. ರಸೆಲ್ ಮಾರುಕಟ್ಟೆಯಲ್ಲಿ ಕಾಲು ಕೆಜಿ ಬೀನ್ಸಿಗೆ ಕಾಲು ಗಂಟೆ ಚೌಕಾಸಿ ಮಾಡುತ್ತೇನೆ. ಬೀನ್ಸ್ ಕಂಡರೆ ನನಗಾಗದು. ಇದರಿಂದ ಯಾರಿಗೂ ನಷ್ಟವಿಲ್ಲ. ವಿಜ್ಞಾನಕ್ಕೇ ಕೈ ಹಾಕಿದ್ದು ಮಾತ್ರ ತಪ್ಪಾಯಿತು.

ನಾನು ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆ. ಜೀವಕೋಶಗಳ ನ್ಯೂಕ್ಲಿಯಸ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗುಂಡಗಿದೆಯೋ ಸೊಟ್ಟಗಿದೆಯೋ ಎಂದು ಬರೆಯುವುದು ಕೆಲಸ. ನ್ಯೂಕ್ಲಿಯಸ್ಸಿನೊಳಗೆ ಡಿಎನ್‌ಎ ಎಳೆ ಪ್ರೋಟೀನುಗಳಿಗೆ ಸುತ್ತಿಕೊಂಡು ಅಚ್ಚುಕಟ್ಟಾಗಿ ಕೂತಿರುತ್ತದೆ. ಅದಕ್ಕೆ ಕ್ರೊಮಾಟಿನ್ ಎನ್ನುತ್ತಾರೆ. ಅಂಚು ಉಬ್ಬಿ ಸೊಟ್ಟಗಾದ ಕಡೆ ಈ ಸುತ್ತು ಎಷ್ಟೋ ಸಲ ಸಡಿಲವಾಗಿರುತ್ತದೆ. ಸಡಿಲವಾದಲ್ಲಿ ಜೀನುಗಳು ಚುರುಕಾಗಬೇಕಲ್ಲವೇ? ಹಾಗೇನಿಲ್ಲ, ಕೆಲವೊಮ್ಮೆ ಅಲ್ಲೂ ತೆಪ್ಪಗಿರುತ್ತವೆ ಎಂದು ನಮ್ಮ ಮೇಡಂ ಹೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ಕೋಣೆಯ ಬಾಗಿಲೂ ಸಂಜೆಯೆಲ್ಲ ತೆರೆದೇ ಇರುತ್ತದೆ. ಒಳಗೆ ಬರುವುದು ಸೊಳ್ಳೆ.

ಒಂದೇ ಸ್ಲೈಡನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು, ಎಣಿಸುವಾಗ ಪರಸ್ಪರ ಮಾತಾಡಬಾರದು ಎಂಬುದು ನಮ್ಮಲ್ಲಿನ ನಿಯಮ. ಇನ್ನೊಬ್ಬಳು ಶಿವಾಜಿನಗರದ ಫರ್ಹಾನಾ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆತರಲು ಓಡುತ್ತಾಳೆ, ಹಾಗಾಗಿ ಊಟದ ಹೊತ್ತಿನಲ್ಲೂ ಸಿಗುವುದಿಲ್ಲ. ಇಬ್ಬರ ಎಣಿಕೆ ತಾಳೆಯಾಗದಿದ್ದರೆ ಮಾತ್ರ ಬುಧವಾರ, ಇಬ್ಬರು ಒಟ್ಟಿಗೆ ನೋಡಬಹುದಾದ ಜೋಡಿ ಸೂಕ್ಷ್ಮದರ್ಶಕದ ಮುಂದೆ ಎದುರುಬದುರು ಕೂತು ಚರ್ಚಿಸಿ ತೀರ್ಮಾನಿಸಬೇಕು. ಮೊದಲ ಸಲ ತಾಳೆಯಾಗದ್ದು ನಿಜಕ್ಕೂ ನನ್ನ ಕಣ್ತಪ್ಪು. ಅವತ್ತು ನ್ಯೂಕ್ಲಿಯಸ್ಸಿನಿಂದ ಹಿಡಿದು ಅವಳ ಅತ್ತೆಯ ಮಂಡಿನೋವಿನ ತನಕ ಎರಡು ಗಂಟೆ ಮಾತಾಡಿದೆವು. ಎಷ್ಟು ದಿನವಾಗಿತ್ತೋ, ಬಹಳ ಹಿತವಾಯಿತು. ಮುಂದಿನ ವಾರದಿಂದ ಕಣ್ತಪ್ಪನ್ನು ನಾನೇ ಏರ್ಪಾಡು ಮಾಡತೊಡಗಿದೆ. ಗೋಡಂಬಿಯ ಹಾಗೆ ಬಾಗಿದ್ದನ್ನೂ ಗುಂಡಗಿದೆ ಎಂದು ಬರೆದೆ. ಹೇಗೂ ಬುಧವಾರ ತಿದ್ದುತ್ತೇವಲ್ಲ ಎಂಬ ಸಮಾಧಾನ ಬೇರೆ.

ಐದನೆಯ ಬುಧವಾರ ಫರ್ಹಾನಾ ಒಂದು ನ್ಯೂಕ್ಲಿಯಸ್ಸನ್ನು ಬಹಳ ಹೊತ್ತು ನೋಡಿ ತಲೆಯೆತ್ತಿದಳು.

“ಅಕ್ಕಾ, ಮಾತಾಡ್ಬೇಕು ಅನ್ಸಿದ್ರೆ ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ. ಇದನ್ನ ಮಾತ್ರ ಗುಂಡಗಿದೆ ಅನ್ಬೇಡಿ.”

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಬಚಾವಾಗುತ್ತಿದ್ದೆ. ನಾಚಿಕೆಯಿಂದ ಕುಗ್ಗಿಹೋಗಿ, ಯಾಕೋ ಕಣ್ಣು ಮಂಜು ಕಣಮ್ಮ ಎಂದುಬಿಟ್ಟೆ. ಅವಳು ಪಾಪ, ವಾರವಾರವೂ ಎಣಿಕೆ ಯಾಕೆ ತಾಳೆಯಾಗುತ್ತಿಲ್ಲ ಎಂದು ಮೇಡಂ ಕೇಳಿದಾಗ ಅದನ್ನೇ ಹೇಳಿ ನನ್ನ ಮಾನ ಉಳಿಸಿದಳು. ಮೇಡಂ ಗಾಬರಿಯಾಗಿ ಹಲಸೂರಿನ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಹಾಗೆಂದು ಬಂದು ಹೇಳುವುದು ಹೇಗೆ? ನಂಬರಿಲ್ಲದ ಗಾಜು ಹಾಕಿಸಿ ಕನ್ನಡಕ ಮಾಡಿಸಿಕೊಂಡೆ, ಹಳೆಯ ಸ್ಲೈಡುಗಳನ್ನೆಲ್ಲ ಪ್ರಾಮಾಣಿಕವಾಗಿ ಮತ್ತೆ ಎಣಿಸಿದೆ.

ಈಗ ನಮ್ಮಿಬ್ಬರ ಎಣಿಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಬುಧವಾರ ಎದುರುಬದುರು ಕೂರುವ ಪ್ರಮೇಯವೇ ಬಂದಿಲ್ಲ. ಮೇಡಂ ಕನ್ನಡಕವನ್ನು ಹೊಗಳುತ್ತಾರೆ. ಫರ್ಹಾನಾ ಮೆಟ್ಟಿಲ ಬಳಿ ಸಿಕ್ಕಾಗ ಎರಡು ಸಲ ಊಟದ ಮಾತೆತ್ತಿದಳು. ಎರಡು ಸಲವೂ ಈ ಭಾನುವಾರ ಪುರುಸೊತ್ತಿಲ್ಲಮ್ಮ ಎಂದೆ. ಹೇಳಿದ ಮಾತು ಸುಳ್ಳಾಗಬಾರದಲ್ಲ, ಆ ಎರಡೂ ಭಾನುವಾರ, ನನಗಿರುವ ಒಂದೇ ಕೋಣೆಯ ನೆಲವನ್ನು ಮೂರು ಮೂರು ಸಲ ಒರೆಸಿದೆ.